ಬಾಗಿಲಿಲ್ಲದ ಜೀಪಿನಿಂದ ಬಾಗಿಲು ತೆರೆಯದ ಗಾಡಿಯವರೆಗೆ

ನಮ್ಮ ಮನೆಯಲ್ಲಿ ಗಾಡಿ ಬದಲಾದಾಗಲೆಲ್ಲ ಮಾನ ಹೋಗುವಂಥದ್ದು ಏನಾದರೊಂದು ನಡೆಯುತ್ತಿತ್ತು. ಪುಣ್ಯಕ್ಕೆ ಪ್ರತಿಸಲವೂ ಉಳಿಯಿತು. ಮೂರನೆಯ ಗಾಡಿಯಲ್ಲಿ ಮಾತ್ರ ನನ್ನ ಮದುವೆಯೇ ಹೋಗುವುದರಲ್ಲಿತ್ತು. ಮೂರೂ ಒಂದೇ ಕಂಪನಿಯವು, ಒಂದೇ ವಂಶ ಅನ್ನಿ. ಆದರೆ ಅಜ್ಜನ ಬುದ್ಧಿ ಮೊಮ್ಮಗನಿಗಿಲ್ಲ.

ಬಾಗಿಲಿಲ್ಲದ್ದು

ಮೊದಲನೆಯದು ಟಾರ್ಪಾಲು ಹೊದಿಸಿದ ಜೀಪು. ಹಿಂದೆ ಎದುರುಬದುರು ಎರಡು ಬೆಂಚು, ಬಾಗಿಲೆಂಬುದೇ ಇಲ್ಲ. ಒಮ್ಮೆ ತಮಿಳುನಾಡಿನ ನಮ್ಮೂರು ಕೊಂಬೈನಿಂದ ಮನೆಮಂದಿಯೆಲ್ಲ ತೇನಿಗೆ ಹೊರಟಿದ್ದೆವು. ಚಿನ್ನಮನೂರಿನಲ್ಲಿ ಬಸ್ಸುಗಳ ನಡುವೆ ಜೀಪು ನಿಂತಾಗ ಅತ್ತೆ ಮಲ್ಲಿಗೆ ಕೊಳ್ಳಲು ಇಳಿದರು. ಬಾಗಿಲ ಸದ್ದಾದರೆ ತಾನೆ ಗೊತ್ತಾಗುವುದು? ನಾವು ಹೊರಟೇಬಿಟ್ಟೆವು, ದಾರಿಯಲ್ಲಿ ಕಾಫಿಯನ್ನೂ ಕುಡಿದೆವು. ತೇನಿ ಮುಟ್ಟಿದ ಮೇಲೆ ನೋಡಿದರೆ ಅತ್ತೆ ಇಲ್ಲ. ಮಾವ ಬೆಂಚಿನ ಕೆಳಗೂ ಬಗ್ಗಿ ನೋಡಿದರು. ಅಷ್ಟರಲ್ಲಿ ಮಾರ್ಕೆಟ್ಟಿನ ದ್ರಾಕ್ಷಿ ಲಾರಿಯೊಂದರ ಪಕ್ಕ ಹೂ ಮುಡಿದು ನಿಂತಿದ್ದ ಅತ್ತೆಯೇ ಕೂಗಿದರು:

"ಏನ್ರಪ್ಪಾ, ಇಷ್ಟೊತ್ತಾ ಬರಾಕೆ? ಲಾರಿಯವನೇ ವಾಸಿ, ನನ್ನ ಮುಂದಿನ ಸೀಟಲ್ಲಿ ಕೂರಿಸ್ಕಂಡು ಬಂದ."

ಹಾಡುವುದು

ಎರಡನೆಯದು ಉದ್ದನೆಯದು, ತಗಡಿನ ಮಾಡಿನದು. ಹಿಂದೆ ಬಾಗಿಲು ಬಂತು. ಚಿಕ್ಕಪ್ಪ ಆಸೆಪಟ್ಟು ರಿವರ್ಸ್ ಹಾರ್ನ್ ಹಾಕಿಸಿದರು. ಗಾಡಿ ಹಿಂದಕ್ಕೆ ಹೊರಟರೆ ಸಾಕು, ಮದುವೆಯ ನಾಗಸ್ವರ ಶುರು. ಒಂದು ಸಾವಿನ ಮನೆಗೆ ಹೋದಾಗ ಓಣಿ ಕಿರಿದು, ಹಿಂದೆ ಹಿಂದೆಯೇ ಹೋಗಬೇಕಾಯಿತು. ಅಳು ಗಕ್ಕನೆ ನಿಂತು ಎಲ್ಲರೂ ನಮ್ಮನ್ನೇ ನೋಡಿದರು. ಚಿಕ್ಕಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತೀರಿಕೊಂಡವರ ತಮ್ಮ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದರು.

"ಗಾಡಿ ಸ್ವಲ್ಪ ಮುಂದಕ್ಕೆ ತಗಂಡು ಇನ್ನೊಂದು ಸಲ ಹಿಂದಕ್ಕೆ ಬಾಪ್ಪಾ. ಅಣ್ಣನಿಗೆ ಆ ನಾಗಸ್ವರದ ಪಾಟು ಅಂದ್ರೆ ಪ್ರಾಣ."

ತೆರೆಯದ್ದು

ತೇನಿ ಜಿಲ್ಲೆಯಾದ ಹೊಸತರಲ್ಲಿ ಮೂರನೆಯದು ಬಂತು. ಎ.ಸಿ., ಮುಂದಕ್ಕೆ ಮುಖ ಮಾಡಿದ ಮೆತ್ತನೆಯ ಸೀಟು, ಚಾವಿ ಹಾಕಿ ಗುಂಡಿ ಒತ್ತಿದರೆ ಇಳಿಯುವ ಗಾಜು. ಮಕ್ಕಳು ಓಡುವ ಗಾಡಿಯ ಬಾಗಿಲು ತೆಗೆದಾರೆಂದು ಡ್ರೈವರ್ ಹಿಂದಿನ ಬಾಗಿಲುಗಳಿಗೆ ಚೈಲ್ಡ್ ಲಾಕ್ ಹಾಕಿಟ್ಟಿದ್ದ. ಹಾಗಿದ್ದರೆ ಹೊರಗಿನವರೇ ತೆಗೆಯಬೇಕು. ಈ ವಿಷಯ ತಾತನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆ ಗಾಡಿಯಲ್ಲೇ ನನ್ನ ಮದುವೆ ಮಾತಿಗೆ ದಿಂಡಿಗಲ್ಲಿಗೆ ಹೋದೆವು. ಹುಡುಗಿ ಒಪ್ಪಿಗೆ, ಜಾತಕ ಒಪ್ಪಿಗೆ. ಮದುವೆ ಎಲ್ಲಿ ಎನ್ನುವುದೊಂದೇ ತಕರಾರು. ತಾತ ಕೊಂಬೈ ಎಂದರೆ ಬೀಗರು ದಿಂಡಿಗಲ್ಲು. ಇಬ್ಬರೂ ಹಿಡಿದ ಹಟ ಬಿಡುವವರಲ್ಲ.

ಬೀಗರು ಆರತಿ ತಟ್ಟೆಯೊಂದಿಗೆ ಮನೆ ಬಾಗಿಲಲ್ಲೇ ನಿಂತಿದ್ದರು. ನಾನು ಮುಂದಿನ ಸೀಟಿನಿಂದ ಇಳಿದೆ, ಡ್ರೈವರ್ ಚಾವಿ ಕಿತ್ತುಕೊಂಡು ಟೀ ಅಂಗಡಿಗೆ ಹೋದ. ಹಿಂದಿನ ಸೀಟಿನಲ್ಲಿದ್ದ ತಾತ ಇಳಿಯಲಿಲ್ಲ.

ನಮ್ಮ ಜನರಲ್ಲಿ ಗಂಡಿನ ಕಡೆಯ ಹಿರಿಯರು ಗಾಡಿಯಿಂದ ಇಳಿಯದಿದ್ದರೆ ಮುನಿಸಿದೆ ಎಂದೇ ಅರ್ಥ. ಅವರನ್ನು ಮಾತಿನಿಂದ ಇಳಿಸಬೇಕೇ ಹೊರತು ಬಾಗಿಲಿಗೆ ಕೈಹಾಕುವಂತಿಲ್ಲ. ನಾನು ಮನಸ್ಸಿನಲ್ಲೇ ಊರ ದೇವರಿಗೆ ಹರಕೆ ಹೊತ್ತೆ. ಹುಡುಗಿ ನನಗೆ ಅಷ್ಟು ಹಿಡಿಸಿದ್ದಳು.

ಬೀಗರು ಗಾಜಿನ ಹತ್ತಿರ ಬಂದು ಕೈಮುಗಿದರು. "ಇಳೀರಿ ಮಾಮಾ." ತಾತ ಒಳಗಿನಿಂದ ಆಗುವುದಿಲ್ಲವೆಂಬಂತೆ ಜೋರಾಗಿ ತಲೆಯಾಡಿಸಿದರು.

"ಸರಿ, ಕಲ್ಯಾಣ ಕೊಂಬೈಲೇ ಆಗಲಿ." ತಾತ ಗಾಜು ಗುದ್ದಿದರು.

"ಅಡಿಗೆಯವರೂ ನಿಮ್ಮವರೇ ಬರಲಿ." ತಾತ ತಲೆಯ ಮೇಲೆ ಕೈಹೊತ್ತು ಕೂತರು. ಬೀಗರು ಅಳುವ ಹಾಗಾದರು, ನಾನು ಆಗಲೇ ಹಾಗಾಗಿದ್ದೆ.

ಡ್ರೈವರ್ ಬಾಯಿ ಒರೆಸಿಕೊಳ್ಳುತ್ತ ಬಂದು ಬಾಗಿಲು ಎಳೆದ. ಮುಚ್ಚಿದ ಗಾಜಿನೊಳಗೆ ಒಂದು ಮಾತೂ ಕೇಳಿಸದೆ, ಬೆವರು ಸುರಿಸುತ್ತ ಇಳಿದ ತಾತ ನೇರ ಬೀಗರ ಕೈ ಹಿಡಿದುಕೊಂಡರು.

"ನೀವು ಗೆದ್ರಿ ಸಂಬಂದೀ. ಕಲ್ಯಾಣ ದಿಂಡಿಗಲ್ಲಲ್ಲೇ ಮಾಡಿ. ಅದಕ್ಕೋಸ್ಕರ ವಯಸ್ಸಾದವನ್ನ ಒಳಗಾಕಿ ಬೀಗ ಹಾಕೋದಾ?"

ನನಗೆ ಹೋದ ಜೀವ ಬಂತು. ಅಲ್ಲಿಂದ ಇಬ್ಬರೂ ನಮ್ಮೂರು ಬೇಡ, ನಿಮ್ಮೂರೇ ಆಗಲಿ ಎಂದು ಜಗಳಕ್ಕೆ ನಿಂತರು. ಕೊನೆಗೆ ಮದುವೆ ತೇನಿಯಲ್ಲಿ ನಡೆಯಿತು. ತಾತ ಬಸ್ಸಿನಲ್ಲಿ ಬಂದರು, ಬಾಗಿಲ ಪಕ್ಕದ ಸೀಟಿನಲ್ಲಿ.