ಶಂಕ್ರೆವ್ವ ಆಯಿಯನ್ನು ವಿದ್ಯುತ್ ಮಂಡಲದಿಂದ ಬಿಡುಗಡೆ ಮಾಡಿದ ಕುರಿತು

ಇವರಿಂದ:
ಸುರೈಯಾ, ವಿಜ್ಞಾನ ಸಹಶಿಕ್ಷಕಿ,
ಬೆಳಗು ಪ್ರೌಢಶಾಲೆ, ತಿಕೋಟಾ.
(ವಾಸ: ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ, ವಿಜಯಪುರ)

ಇವರಿಗೆ:
ಶ್ರೀ ಸತೀಶಕುಮಾರ, ಮುಖ್ಯೋಪಾಧ್ಯಾಯರು,
ಸದರಿ ಶಾಲೆ.

ವಿಷಯ: ಕಾರಣ ಕೇಳಿ ನೀಡಿದ ನೋಟಿಸಿಗೆ ಉತ್ತರ ಸಲ್ಲಿಸುವ ಹಾಗೂ ಕಪಾಟಿನ ಕೀಲಿಕೈ ಕೋರುವ ಕುರಿತು.

ಉಲ್ಲೇಖ:
1) ತಮ್ಮ ನೋಟಿಸು, ಕಳೆದ ಶುಕ್ರವಾರದ್ದು.
2) ಪಾಲಕರಾದ ಅಮರಪ್ಪ ಅವರು ಗೇಟಿನಲ್ಲೇ ನಿಂತು, ಇಡೀ ಶಾಲೆಗೆ ಕೇಳುವಂತೆ ಸಲ್ಲಿಸಿದ ಮೌಖಿಕ ದೂರು.
3) ಓಮ್‌ನ ನಿಯಮ (ಈವರೆಗೆ ತಿದ್ದುಪಡಿ ಆಗಿರುವುದಿಲ್ಲ).

ಮಾನ್ಯರೇ,

ಕಚೇರಿ ಪತ್ರದಲ್ಲಿ "ನಾನು, ನನ್ನದು" ಎಂದು ಬರೆಯಬಾರದೆಂದು ತಾವು ಜೂನ್ ತಿಂಗಳ ಸಭೆಯಲ್ಲಿ ತಾಕೀತು ಮಾಡಿರುತ್ತೀರಿ. ಆದ್ದರಿಂದ ಸುರೈಯಾ ಎಂಬಾಕೆಯನ್ನು ಇಲ್ಲಿ ಅರ್ಜಿದಾರಳು ಎಂದೇ ಕರೆಯಲಾಗಿದೆ. ಆಕೆಯನ್ನು ಬೈಯಲಿಕ್ಕೂ ಇದರಿಂದ ಅನುಕೂಲವಾಗಿದೆ.

ನೋಟಿಸಿನಲ್ಲಿ ಎರಡು ಆರೋಪಗಳಿವೆ. ಮಂಗಳವಾರ ನಾಲ್ಕನೆಯ ಪಿರಿಯಡ್ಡಿನ ನಡುವೆ, ಚಲನವಲನ ವಹಿಯಲ್ಲಿ ಬರೆಯದೆ ಶಾಲೆ ಬಿಟ್ಟು ಹೋದದ್ದು; ಮತ್ತು ಹತ್ತನೆಯ ತರಗತಿಯ ಶೈಲಾಳ ಮನೆಗೆ ಹೋಗಿ ದೀಪ ಆರಿಸಿ, ಅಂಗಳದ ಹಾರೆ ಕಿತ್ತದ್ದು. ಎರಡೂ ನಿಜ. ಮೂರನೆಯ ತಪ್ಪು ತಮ್ಮ ಗಮನಕ್ಕೆ ಬಂದಿಲ್ಲವಾದ ಕಾರಣ ಅದನ್ನು ಅರ್ಜಿದಾರಳೇ ಸೇರಿಸಿದ್ದಾಳೆ. ವಿವರ ಕೆಳಗಿನಂತಿದೆ.

1. ಕಿರು ಪರೀಕ್ಷೆಯಲ್ಲಿ "ಬಲ್ಬು ಬೆಳಗುವ ಸರಳ ವಿದ್ಯುತ್ ಮಂಡಲದ ಚಿತ್ರ ಬರೆದು ಭಾಗಗಳನ್ನು ಹೆಸರಿಸಿರಿ" ಎಂದು ಎರಡು ಅಂಕಗಳಿಗೆ ಕೇಳಲಾಗಿತ್ತು. ಉಳಿದ ನಲವತ್ತೊಂದು ಮಕ್ಕಳಲ್ಲಿ ಹೆಚ್ಚಿನವರು ಪುಸ್ತಕದಲ್ಲಿದ್ದ ಹಾಗೆ, ಇಲ್ಲವೇ ಮುಂದಿನ ಬೆಂಚಿನಲ್ಲಿದ್ದ ಹಾಗೆ ಬರೆದರು. ಶೈಲಾ ಮಾತ್ರ ಕಂಬದಿಂದ ಒಂದೇ ವೈರು ಎಳೆದು, ಸ್ವಿಚ್ಚು ದಾಟಿಸಿ ಬಲ್ಬಿಗೆ ತಂದು, ಅಲ್ಲಿಂದ ನೆಲದಲ್ಲಿ ನೆಟ್ಟ ಹಾರೆಗೆ ಕಟ್ಟಿದ್ದಳು. ಹಾರೆಯ ಪಕ್ಕ ಕೊಡ ಹಿಡಿದ ಒಬ್ಬ ಹೆಂಗಸು. ಭಾಗಗಳು: ಕಂಬ, ತಂತಿ, ಸ್ವಿಚ್ಚು, ಬಲ್ಬು, ಹಾರೆ, ಆಯಿ. ಕೆಳಗೆ ದುಂಡಗಿನ ಅಕ್ಷರದಲ್ಲಿ, "ಬೆಳಕು ಮಂಕಾದಾಗ ಆಯಿಯು ಒಂದು ಕೊಡ ನೀರು ಹಾಕುವಳು. ಆಗ ಮಂಡಲವು ಪೂರ್ಣಗೊಳ್ಳುವುದು" ಎಂದು ಬರೆದಿದ್ದಳು.

2. ಆಯಿ, ಅಂದರೆ ಅಜ್ಜಿ, ಪಠ್ಯಪುಸ್ತಕದ ಸಂಕೇತಗಳ ಪಟ್ಟಿಯಲ್ಲಿ ಇಲ್ಲವಾದ ಕಾರಣ ಅರ್ಜಿದಾರಳು ಸೊನ್ನೆ ಹಾಕಿ, ಮುಂದೆ ಎರಡು ಆಶ್ಚರ್ಯಸೂಚಕ ಚಿಹ್ನೆ ಬರೆದಳು. ಅಷ್ಟಕ್ಕೇ ಬಿಡದೆ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಅದನ್ನು ಓದಿ ಹೇಳಿದಳು. ಬಬಲೇಶ್ವರದಿಂದ ಬರುವ ಗಣಿತದ ದೇವಾನಂದ ಸರ್ ಅವರಿಗೆ ಚಹಾ ನೆತ್ತಿಗೇರಿತು. ತಾವೂ ನಕ್ಕಿರಿ. ಇದು ಆರೋಪವಲ್ಲ, ತಾವು ಹಾಜರಿದ್ದಿರಿ ಎಂಬುದಕ್ಕೆ ಸಾಕ್ಷಿ.

3. ಇದಾಗಿ ಇಪ್ಪತ್ತೆರಡನೆಯ ದಿನ, ಅಂದರೆ ಸದರಿ ಮಂಗಳವಾರ, ಮನೆಯ ವೈರಿಂಗ್ ಪಾಠ ನಡೆದಿತ್ತು. ಸಜೀವ ತಂತಿ, ತಟಸ್ಥ ತಂತಿ, ಭೂಸಂಪರ್ಕ ತಂತಿ ಎಂದು ಹಲಗೆಯ ಮೇಲೆ ಬರೆಯುವಾಗ ಶೈಲಾ ಎದ್ದು ನಿಂತಳು.

"ಟೀಚರ, ನಮ್ಮ ಮನಿಗೆ ತಟಸ್ಥ ಇಲ್ರಿ. ಗಾಳಿಗೆ ಹರದ ಬಿದ್ದು ನಾಲ್ಕ ತಿಂಗಳಾತ್ರಿ. ಅಪ್ಪ ಹಾರಿ ನೆಟ್ಟಾನ. ಆಯಿ ನೀರ ಹಾಕ್ತಾಳ."

ತರಗತಿ ನಕ್ಕಿತು. ನಗುವುದನ್ನು ಅವಕ್ಕೆ ಯಾರು ಕಲಿಸಿದ್ದು ಎಂದು ಬೇರೆ ಹೇಳಬೇಕಿಲ್ಲ. ಅರ್ಜಿದಾರಳು "ಆಯಿಗೆ ಏನೂ ಆಗೂದಿಲ್ಲೇನು?" ಎಂದು ಕೇಳಿದಳು.

"ಕಾಲಾಗ ಜುಮ್ಮಂತೈತಂತ್ರಿ. ಮೊಣಕಾಲ ಬ್ಯಾನಿಗೆ ಭಾಳ ಛಲೋ ಅಂತಾಳ."

ಅರ್ಜಿದಾರಳು ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡೇ ಹೊರಬಿದ್ದಳು. ವಹಿ ತಮ್ಮ ಕೋಣೆಯಲ್ಲಿತ್ತು, ಟಂಟಂ ರಿಕ್ಷಾ ಗೇಟಿನಲ್ಲಿತ್ತು. ಆಕೆ ಶೈಲಾಳನ್ನು ಕೂರಿಸಿಕೊಂಡು ಟಂಟಂ ಹತ್ತಿದಳು. ಇದು ಒಂದನೆಯ ಆರೋಪಕ್ಕೆ ಉತ್ತರ.

4. ಎರಡನೆಯ ಆರೋಪಕ್ಕೆ ಉತ್ತರಿಸುವ ಮೊದಲು ತಾವು ಇತಿಹಾಸದ ಪದವೀಧರರಾದ ಕಾರಣ ಒಂದು ಸಣ್ಣ ಪಾಠ ಅನಿವಾರ್ಯವಾಗಿದೆ. ಒಂದು ವೈರಿನಲ್ಲಿ ಬಂದ ಕರೆಂಟು ಇನ್ನೊಂದು ವೈರಿನಲ್ಲಿ ಮರಳಬೇಕು. ಮರಳುವ ದಾರಿ ಇಲ್ಲದಿದ್ದರೆ ಬಲ್ಬು ಬೆಳಗುವುದಿಲ್ಲ. ಶೈಲಾಳ ತಂದೆ ಅಮರಪ್ಪ ಅವರು ನೆಲವನ್ನೇ ಆ ಇನ್ನೊಂದು ವೈರು ಮಾಡಿದರು. ನೆಲ ಹಸಿಯಿದ್ದರೆ ದಾರಿ ಬಿಡುತ್ತದೆ, ಬಲ್ಬು ಬೆಳಗುತ್ತದೆ. ನೆಲ ಒಣಗಿದರೆ ತಡೆಯುತ್ತದೆ, ಬಲ್ಬು ಮಂಕಾಗುತ್ತದೆ. ಮಂಕಾಯಿತೆಂದರೆ ಕರೆಂಟು ಬಡವಾಯಿತೆಂದು ಜನ ತಿಳಿಯುತ್ತಾರೆ. ಹಾಗಲ್ಲ. ಬಲ್ಬಿಗೆ ಸಿಗದ ಒತ್ತಡ ಹಾರೆಯ ಮೇಲೆ ಬಂದು ಕೂತಿರುತ್ತದೆ. ಬಲ್ಬು ಮಂಕಾದಷ್ಟೂ ಹಾರೆಯ ಹತ್ತಿರ ಹೋಗುವುದು ಅಪಾಯ. ಆಯಿ ತುಂಬಿದ ಕೊಡ ಹಿಡಿದು, ಬರಿಗಾಲಲ್ಲಿ ಹಾರೆಯ ಹತ್ತಿರ ಹೋಗುತ್ತಿದ್ದದ್ದು ಬಲ್ಬು ಮಂಕಾದಾಗ ಮಾತ್ರ.

5. ಕನಮಡಿ ರಸ್ತೆಯ ಹೊಲದೊಳಗಿನ ಶೈಲಾಳ ಮನೆಯನ್ನು, ಅಂದರೆ ವಸ್ತಿಯನ್ನು ಮುಟ್ಟಿದಾಗ ಶಂಕ್ರೆವ್ವ ಆಯಿ ಕೊಡ ತುಂಬಿಕೊಂಡು ಅಂಗಳಕ್ಕೆ ಇಳಿಯುತ್ತಿದ್ದಳು.

"ಬಾ ಯವ್ವಾ, ಶೈಲಾನ ಟೀಚರೇನು? ಕುಂದ್ರು, ಒಂದ ಕೊಡ ಹಾಕಿ ಬಂದೆ."

"ಆಯಿ, ನಿಮ್ಮ ಕಾಲಿಗೆ ಬೀಳ್ತೀನಿ, ಕೊಡ ಅಲ್ಲೇ ಇಡ್ರಿ. ಮುಂದ ಹೋಗಬ್ಯಾಡ್ರಿ."

"ಹೆದರಬ್ಯಾಡ. ಬಾಜೂ ವಸ್ತಿ ರುದ್ರವ್ವನೂ ಮಂಗಳಾರಕ್ಕೊಮ್ಮೆ ಬಂದ ಇಲ್ಲಿ ನಿಂದರತಾಳ. ಆಕಿಗೂ ಮೊಣಕಾಲ."

ಅಂದರೆ ಮಂಡಲಕ್ಕೆ ಎರಡನೆಯ ಮುದುಕಿಯನ್ನೂ ಜೋಡಿಸಿಯಾಗಿತ್ತು. ಇದಲ್ಲದೆ ಆಡಿನ ಮರಿಯೊಂದು ಹಿಂದಿನ ವಾರ ಹಾರೆಯ ಹತ್ತಿರ ಬಿದ್ದು ಸತ್ತಿತ್ತು. ಹಾವು ಮುಟ್ಟಿರಬೇಕೆಂದು ಮನೆಯವರು ಅದನ್ನು ಹುಗಿದಿದ್ದರು. ಶೈಲಾಳ ಕೈಯಿಂದ ಮೇನ್ ಸ್ವಿಚ್ಚು ಆರಿಸಿ, ಅರ್ಜಿದಾರಳು ಸೀರೆಯ ಸೆರಗು ಕಟ್ಟಿಕೊಂಡು ಹಾರೆ ಕಿತ್ತಳು. ನಾಲ್ಕು ತಿಂಗಳು ನೀರುಂಡ ನೆಲವಾದ ಕಾರಣ ಅದು ಸಲೀಸಾಗಿ ಬಂತು. "ಛಲೋ ಔಷಧ ಹಾಳ ಮಾಡಿದೆಲ್ಲವ್ವಾ" ಎಂದು ಆಯಿ ಬೈದಳು. ಜೀವಂತ ಇರುವವರಿಂದ ಬೈಸಿಕೊಳ್ಳುವುದು ಅರ್ಜಿದಾರಳಿಗೆ ಆ ಹೊತ್ತಿನಲ್ಲಿ ಹಿತವಾಗಿಯೇ ಇತ್ತು.

6. ಮರುದಿನ ಅಮರಪ್ಪ ಅವರು ಸಲ್ಲಿಸಿದ ದೂರು ತಮಗೆ ಕೇಳಿಸಿದೆ. "ಏನ್ರಿ ಟೀಚರ ಬಾಯಾರ, ಸಾಲ್ಯಾಗ ದೀಪ ಹಚ್ಚೂದು ಕಲಸ್ತಾರ ಅಂದ್ಕೊಂಡಿದ್ನಿ, ನೀವು ಆರಸಾಕ ಮನೀಗೇ ಬಂದೀರಿ. ನಾಲ್ಕ ತಿಂಗಳಾತು, ಯಾರಿಗೇನಾಗೈತಿ?"

"ಆಡಿನ ಮರಿಗೆ ಹಾವು ಎಲ್ಲಿ ಕಡದಿತ್ರಿ? ಗಾಯ ನೋಡೀರೇನು?" ಎಂದಷ್ಟೇ ಅರ್ಜಿದಾರಳು ಕೇಳಿದಳು.

ಅವರು ಗಾಡಿ ತಿರುಗಿಸಿ ವಿದ್ಯುತ್ ಕಚೇರಿಗೆ ಹೋದರು. ಅವರು ಹೀಗೆ ಹೋದದ್ದನ್ನು ಯಾರೂ ತಮಗೆ ಹೇಳದ ಕಾರಣ ನೋಟಿಸು ಮಾತ್ರ ಹೊರಟಿತು. ಎರಡು ಸಂಜೆ ಶೈಲಾ ಮೊಬೈಲಿನ ಬೆಳಕಿನಲ್ಲಿ ಓದಿದಳು. ಮೂರನೆಯ ದಿನ ಲೈನ್‌ಮನ್ ಕಂಬ ಹತ್ತಿ ಹರಿದ ವೈರು ಜೋಡಿಸಿದ. ಹತ್ತು ನಿಮಿಷ ಹಿಡಿಯಿತು. ನಾಲ್ಕು ತಿಂಗಳು ಯಾರೂ ಹೋಗಿ ಹೇಳಿರಲಿಲ್ಲ. ದೀಪ ಹತ್ತುತ್ತಿದ್ದ ಮೇಲೆ ಹೇಳುವುದೇನು ಎಂದುಕೊಂಡಿದ್ದರು.

7. ಲೈನ್‌ಮನ್ ಕಂಬದ ಮೇಲಿದ್ದಾಗ ಅರ್ಜಿದಾರಳೂ ಅಂಗಳದಲ್ಲಿದ್ದಳು (ಈ ಸಲ ವಹಿಯಲ್ಲಿ ಬರೆದು ಹೋಗಿದ್ದಾಳೆ, ಪುಟ ನೋಡಬಹುದು). ಶೈಲಾ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು:

"ಟೀಚರ, ನೀವು ಹಾಕಿದ್ದ ಸೊನ್ನಿ ಬರೋಬರಿ ಐತ್ರಿ. ಆದ್ರ ಯಾಕ ತಪ್ಪಂತ ಬಾಜೂಕ ಒಂದ ಸಾಲ ಬರದಿದ್ರ, ನಾ ಅವತ್ತ ಆಯಿನ ನಿಂದರಸ್ತಿದ್ನಿರಿ."

ಅವಳು ಜೋರು ಮಾಡಲಿಲ್ಲ, ಅಳಲಿಲ್ಲ. ಅರ್ಜಿದಾರಳಿಗೆ ನಾಚಿಕೆಯಾಯಿತು. ಇದಕ್ಕೆ ಕಚೇರಿ ಭಾಷೆಯಲ್ಲಿ ಬೇರೆ ಶಬ್ದ ಹುಡುಕಿದರೂ ಸಿಗಲಿಲ್ಲ. ಮಗು ತನ್ನ ಮನೆಯ ಅಪಾಯವನ್ನು ಚಿತ್ರ ಸಮೇತ, ಭಾಗಗಳ ಹೆಸರು ಸಮೇತ ಲಿಖಿತವಾಗಿ ಸಲ್ಲಿಸಿತ್ತು. ಅದನ್ನು ಸ್ವೀಕರಿಸಿದ ಅಧಿಕಾರಿ ಓದಿ ನಕ್ಕಳು. ಆಮೇಲೆ ಇಪ್ಪತ್ತೆರಡು ದಿನ ಆಯಿ ಆ ಹಾರೆಗೆ ನೀರು ಹಾಕಿದಳು. ಮೇಲೆ ಹೇಳಿದ ಮೂರನೆಯ ತಪ್ಪು ಇದು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ವಹಿಯಲ್ಲಿ ಬರೆಯದ ತಪ್ಪಿಗೆ ಅರ್ಧ ದಿನದ ರಜೆ ಕಡಿತ ಮಾಡಬೇಕಾಗಿ ವಿನಂತಿ. ಶೈಲಾಳಿಗೆ ಅಂಕ ಕೊಡಿಸಬೇಕೆಂಬ ಕೋರಿಕೆ ಇಲ್ಲ. ಆ ಮಂಡಲ ತಪ್ಪು. ಅರ್ಜಿದಾರಳಿಗೆ ಬೇಕಾಗಿರುವುದು ಪಾಲಕರ ಸಹಿಯಾಗಿ ಮರಳಿದ ಪತ್ರಿಕೆಗಳನ್ನಿಟ್ಟ ಕಪಾಟಿನ ಕೀಲಿಕೈ. ಶೈಲಾಳ ಪತ್ರಿಕೆಯಲ್ಲಿ ಸಹಿಯ ಜಾಗದಲ್ಲಿ ಶಂಕ್ರೆವ್ವ ಆಯಿಯ ಹೆಬ್ಬೆಟ್ಟಿದೆ. ಆಕೆಗೆ ಓದಲು ಬರುವುದಿಲ್ಲ. ಓದಲು ಬರುವ ಮೊಮ್ಮಗಳು ಪಕ್ಕದಲ್ಲೇ ಕೂತಿದ್ದಳು, ಆದರೆ ಅದರಲ್ಲಿ ಓದಿ ಹೇಳುವಂಥದ್ದು ಏನೂ ಬರೆದಿರಲಿಲ್ಲ.

ತಮ್ಮ ವಿಶ್ವಾಸ ಇನ್ನೂ ಉಳಿದಿದ್ದರೆ, ತಮ್ಮ ವಿಶ್ವಾಸಿ,
ಸುರೈಯಾ

ಲಗತ್ತುಗಳು:
1) ಸೀಮೆಸುಣ್ಣ, ಅರ್ಧ ತುಂಡು. ಶಾಲೆಯ ಸ್ವತ್ತಾದ ಕಾರಣ ಮರಳಿಸಲಾಗಿದೆ.
2) ಹಾರೆ, ಒಂದು (ಮತ್ತೆ ನೆಡದಿರಲೆಂದು ಅಂದೇ ಜೊತೆಗೆ ತಂದದ್ದು). ಲಕೋಟೆಯಲ್ಲಿ ಹಿಡಿಯದ ಕಾರಣ ತಮ್ಮ ಕೋಣೆಯ ಹೊರಗೆ ಗೋಡೆಗೆ ಆನಿಸಿಡಲಾಗಿದೆ. ಅಮರಪ್ಪ ಅವರು ಸೋಮವಾರ ಒಯ್ಯುತ್ತಾರೆ.

ವಿಶೇಷ ಸೂಚನೆ: ಅದೇ ಪ್ರಶ್ನೆಗೆ ಇನ್ನೂ ಹನ್ನೊಂದು ಮಕ್ಕಳಿಗೆ ಸೊನ್ನೆ ಹಾಕಲಾಗಿದೆ. ಯಾವ ಸೊನ್ನೆಯ ಪಕ್ಕದಲ್ಲೂ ಏನೂ ಬರೆದಿಲ್ಲ. ಆ ಮಕ್ಕಳು ಏನು ಬರೆದಿದ್ದರೆಂದು ಅರ್ಜಿದಾರಳಿಗೆ ಈಗ ನೆನಪಿಲ್ಲ. ಆದ ಕಾರಣ ಕೀಲಿಕೈಯನ್ನು ಇಂದೇ, ಸಂಜೆ ದೀಪ ಹಚ್ಚುವ ಹೊತ್ತಿನ ಒಳಗೆ ಕೊಡಬೇಕಾಗಿ ವಿನಂತಿ.