ಕಾರಣ ಬರೆದು ಕೊಡಿ

ನಾನು ಮಾಡಿದ ನಿಯಮಗಳೆಲ್ಲ ಮೊದಲು ನನ್ನನ್ನೇ ಹಿಡಿಯುತ್ತವೆ. ದೊಡ್ಡಬಳ್ಳಾಪುರದ ಒಂದು ಸೀರೆ ಶೆಡ್ಡಿಗೆ ಮ್ಯಾನೇಜರಾಗಿ ಸೇರಿದಾಗ ಅಲ್ಲಿ ಹನ್ನೆರಡು ವಿದ್ಯುತ್ ಮಗ್ಗಗಳಿದ್ದವು, ಹನ್ನೆರಡು ಜನ ನೇಕಾರರಿದ್ದರು, ಗಡಿಯಾರವಿರಲಿಲ್ಲ. ಕರೆಂಟ್ ಇದ್ದಾಗ ನೇಯುತ್ತಿದ್ದರು, ಹೋದಾಗ ಮನೆಗೆ ಹೋಗುತ್ತಿದ್ದರು. ಮಾಲೀಕರು ಒಂದೇ ಮಾತು ಹೇಳಿದ್ದರು: "ಏನಾದ್ರೂ ಮಾಡ್ಕೊಳ್ಳಿ, ಆ ಹಿರಿಯ ನೇಕಾರರೊಬ್ಬರು ಮಾತ್ರ ಬಿಟ್ಟುಹೋಗಬಾರದು. ಅವರು ಹೋದ್ರೆ ನೀವೂ ಹೊರಡಿ."

೧. ಒಂಬತ್ತರಿಂದ ಆರು

ಗಡಿಯಾರ ತಂದು ನೇತುಹಾಕಿದೆ. ಮೊದಲ ದಿನ ಎಲ್ಲರೂ ಒಂಬತ್ತಕ್ಕೆ ಬಂದರು. ಕರೆಂಟ್ ಬರಲಿಲ್ಲ. ನಿಂತ ಮಗ್ಗಗಳ ಮುಂದೆ ಕೂತು ದಿನವಿಡೀ ನನ್ನನ್ನೇ ನೋಡಿದರು. ಕರೆಂಟ್ ಬಂದದ್ದು ಆರಕ್ಕೆ. ಎಲ್ಲರೂ ಎದ್ದು ಚಪ್ಪಲಿ ಮೆಟ್ಟಿದರು.

"ಈಗ ತಾನೆ ಬಂತಲ್ರೀ!" ಎಂದೆ.

ಹಿರಿಯ ನೇಕಾರರು ಗಡಿಯಾರದ ಕಡೆ ಕೈ ತೋರಿಸಿದರು. "ಅದಕ್ಕೆ ಹೇಳಿ ಸಾರ್."

೨. ನಿಮ್ಮಿಷ್ಟ

ನಾಚಿಕೆಯಾಗಿ ಗಡಿಯಾರ ಇಳಿಸಿದೆ. ನಿಮ್ಮಿಷ್ಟ ಬಂದಾಗ ಬನ್ನಿ ಎಂದೆ. ಮರುದಿನ ಕರೆಂಟ್ ಹೋಗಲೇ ಇಲ್ಲ. ನೇಕಾರರು ಬರಲೇ ಇಲ್ಲ. ಹಿರಿಯರಿಗೆ ಫೋನ್ ಮಾಡಿದರೆ ಹನ್ನೆರಡೂ ಜನ ದೊಡ್ಡಬೆಳವಂಗಲದಲ್ಲಿ ಬೀಗರ ಊಟಕ್ಕೆ ಕೂತಿದ್ದರು.

"ಇಲ್ಲಿ ಕರೆಂಟ್ ಇದೆ!"

"ಇಲ್ಲೂ ಇದೆ ಸಾರ್, ಫ್ಯಾನ್ ಚೆನ್ನಾಗಿ ತಿರುಗ್ತಾ ಇದೆ. ಎರಡನೇ ಪಂಕ್ತಿಗೆ ಬಂದ್ಬಿಡಿ."

ಹೋದೆ. ಅದನ್ನು ಮಾಲೀಕರಿಗೆ ಇನ್ನೂ ಹೇಳಿಲ್ಲ.

೩. ಅರ್ಜಿ

ಕೊನೆಗೆ ನಡುವಿನ ದಾರಿ ಹಿಡಿದೆ: ಯಾವಾಗ ಬೇಕಾದರೂ ಹೋಗಬಹುದು, ಆದರೆ ಕಾರಣ ಬರೆದು ನನ್ನ ಸಹಿ ಪಡೆಯಬೇಕು. ಅರ್ಜಿಗಳೆಲ್ಲ ಮಾಲೀಕರಿಗೆ ಹೋಗುತ್ತವೆ.

ಹಿರಿಯ ನೇಕಾರರೇ ಮೊದಲು ಬಂದರು. "ನಂಗೆ ಬರೆಯಕ್ಕೆ ಬರಲ್ಲ ಸಾರ್, ನೀವೇ ಬರೀರಿ."

"ಕಾರಣ?"

"ಮ್ಯಾನೇಜರ್ ಕಾಟ ತಡ್ಕೊಳ್ಳಕ್ಕಾಗ್ತಿಲ್ಲ."

ಬರೆದೆ. 'ಕಾಟ' ಚೆನ್ನಾಗಿ ಕಾಣಲಿಲ್ಲವೆಂದು 'ಕಿರುಕುಳ' ಎಂದು ತಿದ್ದಿದೆ.

"ವಾಪಸ್ ಬರೋ ದಿನ?"

"ಅವರು ಸರಿಹೋದ ದಿನ."

ಅದನ್ನೂ ಬರೆದು, ಅಭ್ಯಾಸಬಲದಿಂದ 'ಮಂಜೂರು' ಎಂದು ಸಹಿ ಹಾಕಿದೆ.

ಮರುದಿನ ಮಾಲೀಕರ ಫೋನ್ ಬಂತು. "ಬರೆದಿರೋದೂ ನೀವೇ, ಮಂಜೂರು ಮಾಡಿರೋದೂ ನೀವೇ. ಸಂಜೆಯೊಳಗೆ ಸರಿಹೋಗಿ."

ಹಿರಿಯ ನೇಕಾರರ ಮನೆಗೆ ಹೋದೆ. ಇಡೀ ಬೀದಿಯಲ್ಲಿ ಮಗ್ಗಗಳ ಸದ್ದು. ಅವರು ಬಾಗಿಲಲ್ಲೇ ತಡೆದರು. "ಕಾರಣ ಬರೆದು ತಂದಿದ್ದೀರಾ ಸಾರ್?"

ಜೇಬಿನಿಂದ ಪೆನ್ನು ತೆಗೆದು, ಗೋಡೆಗೆ ಕಾಗದ ಒತ್ತಿ ಬರೆದುಕೊಟ್ಟೆ.

"ನಂಗೆ ಓದಕ್ಕೂ ಬರಲ್ವಲ್ಲ. ಜೋರಾಗಿ ಓದಿ, ಈ ಸದ್ದಲ್ಲಿ ಕೇಳ್ಸಲ್ಲ."

ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸದೆಂಬ ಧೈರ್ಯದಿಂದ ಉಸಿರು ತುಂಬಿಕೊಂಡು ಬಾಯಿ ತೆರೆದೆ. ಅದೇ ಕ್ಷಣ ಕರೆಂಟ್ ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು.

"ನನ್ನಿಂದ ತಪ್ಪಾಯಿತು!"

ಮನೆಮನೆಯ ಬಾಗಿಲಲ್ಲೂ ತಲೆಗಳು ಕಾಣಿಸಿಕೊಂಡವು.

ಹಿರಿಯ ನೇಕಾರರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು.

"ಮಂಜೂರು," ಎಂದರು.