ಷಡ್ಡಕರ ಶಟರ್ ಸ್ಪೀಡು

ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಓಡುವವರನ್ನು ನಿಲ್ಲಿಸಿ ಓಟದ ಫೋಟೋ ತೆಗೆಯುವ ಪ್ರಪಂಚದ ಏಕೈಕ ಮನುಷ್ಯ. ನಂಬಿಕೆ ಬರಲಿಲ್ಲವೇ? ಜರಗನಹಳ್ಳಿಗೆ ಬನ್ನಿ, ತೋರಿಸುತ್ತೇನೆ!

ಅವರದು ಮೂವತ್ತು ವರ್ಷದ ಮದುವೆ ಫೋಟೋ ಕಸುಬು. ಬನಶಂಕರಿಯಿಂದ ಗೊಟ್ಟಿಗೆರೆವರೆಗೆ ಯಾವ ಛತ್ರದ ಯಾವ ಮೂಲೆಗೆ ಬೆಳಕು ಬೀಳುತ್ತದೆ ಎಂದು ನಿದ್ದೆಯಲ್ಲೂ ಹೇಳಬಲ್ಲರು. ಮಗಳು ಖೋ ಖೋ ಆಡುವವಳು. ಅವಳ ಪಂದ್ಯಗಳೂ ಭಾನುವಾರ, ಮದುವೆಗಳೂ ಭಾನುವಾರ. ಊರವರ ಹೆಣ್ಣುಮಕ್ಕಳ ಫೋಟೋ ಎಲ್ಲ ತೆಗೆದವರ ಬಳಿ ಸ್ವಂತ ಮಗಳು ಆಡುವ ಫೋಟೋ ಒಂದೂ ಇಲ್ಲ! ಈ ವರ್ಷ ಅವಳ ಕಾಲೇಜು ಮುಗಿಯುತ್ತಿತ್ತು. ಕೊನೆಯ ಪಂದ್ಯಕ್ಕೆ ಒಂದು ತಿಂಗಳಿದೆ ಎಂದಾಗ ಷಡ್ಡಕರು ಆ ದಿನದ ಮದುವೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಆಟದ ಫೋಟೋ ಕಲಿಯಲು ಹೊರಟರು.

ಮೊದಲ ಅಭ್ಯಾಸ ಜಯನಗರದ ಮೈದಾನದಲ್ಲಿ, ಕಬಡ್ಡಿ. ರೈಡಿಗೆ ಹೋದವನು ಉಸಿರು ಬಿಗಿಹಿಡಿದು ಎದುರಾಳಿಗಳ ನಡುವೆ ಇದ್ದಾನೆ. ಇವರು ಗೆರೆಯ ಪಕ್ಕದಿಂದ, “ಇಲ್ಲಿ ನೋಡಿ ಸಾರ್... ಗಲ್ಲ ಸ್ವಲ್ಪ ಕೆಳಗೆ... ಸ್ಮೈಲ್!”

ಆ ಪುಣ್ಯಾತ್ಮ ನಕ್ಕೇಬಿಟ್ಟ! ಏಳೂ ಜನ ಅವನ ಮೇಲೆ ಬಿದ್ದರು. ಕೋಚ್ ಓಡಿ ಬಂದರು. “ಏನ್ ಅಂಕಲ್ ಇದು, ರಿಸೆಪ್ಷನ್ನಾ?”

“ಕೋಪ ಮಾಡ್ಕೋಬೇಡಿ ಸಾರ್, ಸಖತ್ತಾಗ್ ಬಂದಿದೆ. ಒಂದ್ ಕಾಪಿ ಕಳಿಸ್ತೀನಿ.”

ಆಮೇಲೆ ಮೈದಾನದವರು ಇವರನ್ನು ಒಳಗೆ ಬಿಡಲಿಲ್ಲ. ಅಭ್ಯಾಸ ಮನೆಯ ತಾರಸಿಗೆ ಏರಿತು. ಓಡುವವನು ಯಾರು? ನಾನೇ! ಪಂಚೆ ಎತ್ತಿ ಕಟ್ಟಿ, ಒಣಹಾಕಿದ ಸೀರೆಗಳ ನಡುವೆ ಓಡಿದೆ.

“ಇನ್ನೂ ಜೋರಾಗ್ ಓಡು ಗುರು!”

“ಅಣ್ಣ, ಇದಕ್ಕಿಂತ ಜೋರಾಗಿ ನನ್ ಸ್ಕೂಟ್ರೂ ಓಡಲ್ಲ!”

ಇನ್ನೂರು ಫೋಟೋಗಳಲ್ಲಿ ನೀರಿನ ಟ್ಯಾಂಕು ಮುದ್ದಾಗಿ ಬಂದಿತ್ತು. ನಾನು ಹೊಗೆಯ ಹಾಗಿದ್ದೆ. ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. “ಅಪ್ಪ, ಶಟರ್ ಸ್ಪೀಡ್ ಜಾಸ್ತಿ ಮಾಡು. ಆಮೇಲೆ, ನಾನ್ ಔಟ್ ಮಾಡೋಕ್ ಹಾರಿ ಬಿದ್ಮೇಲೆ ಒತ್ಬೇಡ, ಬೀಳೋಕ್ ಮುಂಚೆ ಒತ್ತು.”

“ಬೀಳ್ತೀಯ ಅಂತ ನಂಗ್ ಮುಂಚೆನೇ ಹೆಂಗಮ್ಮ ಗೊತ್ತಾಗತ್ತೆ?”

“ಆಟ ನೋಡಪ್ಪ, ಗೊತ್ತಾಗತ್ತೆ.”

ಪಂದ್ಯದ ದಿನ ಬಂತು. ಎದುರಾಳಿಯನ್ನು ಮುಟ್ಟಲು ಅವಳು ಮೂರು ಸಲ ನೆಲಕ್ಕೆ ಹಾರಿದಳು. ಷಡ್ಡಕರು ಮೂರು ಸಲವೂ ಒತ್ತಿದರು. ಮೊದಲನೆಯದರಲ್ಲಿ ಅಂಪೈರ್ ಬೆನ್ನು. ಎರಡನೆಯದರಲ್ಲಿ ಖೋ ಖೋ ಕಂಬ, ಅದೂ ಎಷ್ಟು ಚೆಂದ ಅಂತೀರಿ! ಮೂರನೆಯದರಲ್ಲಿ ಒಂದು ಹಿಮ್ಮಡಿ.

ಅವಳ ತಂಡ ಗೆದ್ದಿತು. ಎಲ್ಲರೂ ಜ್ಯೂಸ್ ಅಂಗಡಿಗೆ ನಡೆದರು. ಷಡ್ಡಕರು ಮಾತ್ರ ಕಲ್ಲುಬೆಂಚಿನ ಮೇಲೆ ಕುಳಿತು ಕ್ಯಾಮೆರಾದ ಪರದೆಯಲ್ಲಿ ಫೋಟೋಗಳನ್ನು ಹಿಂದೆ ಮುಂದೆ ಮಾಡುತ್ತಿದ್ದರು. ಮಗಳು ಕುಂಟುತ್ತ ಬಂದಳು.

“ಸಿಕ್ತಾ ಅಪ್ಪ?”

“ಹಿಮ್ಮಡಿ ಸಿಕ್ತು ಕಣವ್ವ.”

ಅವಳು ಖಾಲಿ ಅಂಕಣಕ್ಕೆ ವಾಪಸ್ ಹೋದಳು. “ಅಪ್ಪ, ಬಾ, ಆ ಗೆರೆ ಹತ್ರ ಕೂತ್ಕೋ.”

“ಬೇಡ ಕಣೇ, ಮಂಡೀಲಿ ರಕ್ತ ಬರ್ತಿದೆ!”

“ಕೂತ್ಕೋಪ್ಪಾ ಅಂದ್ರೆ!”

ಓಡಿ ಬಂದಳು. ಹಾರಿದಳು.

ಈಗ ಆ ಫೋಟೋ ಅವರ ಮನೆಯ ಹಜಾರದ ಗೋಡೆಯ ಮೇಲಿದೆ. ಗಾಳಿಯಲ್ಲಿ ಅಡ್ಡಡ್ಡ ತೇಲುವ ಹುಡುಗಿ, ಕೂದಲಲ್ಲೆಲ್ಲ ಮಣ್ಣು, ಮುಂದಕ್ಕೆ ಚಾಚಿದ ಕೈ. ಕೈಯ ಮುಂದೆ ಯಾರೂ ಇಲ್ಲ. ಮೊನ್ನೆ ಮೇಲಿನ ಮನೆಯ ಬಾಡಿಗೆಯವರು ಅದನ್ನು ತುಂಬ ಹೊತ್ತು ನೋಡಿ ಕೇಳಿದರು, “ಯಾರನ್ನ ಔಟ್ ಮಾಡ್ತಿದಾಳೆ ಸಾರ್?”

ಷಡ್ಡಕರು ಗಾಜಿನ ಮೇಲಿನ ಧೂಳನ್ನು ಟವೆಲಿನಲ್ಲಿ ಒರೆಸಿದರು.

“ನನ್ನನ್ನೇ ಸಾರ್.”